ಒಂದು ಸಾಲು, ಒಂದು ಮುಯ್ಯಿ

ಅಪ್ಪನ ಮುಯ್ಯಿ ಪುಸ್ತಕ ಅವ್ವನ ಮರದ ಪೆಟ್ಟಿಗೆಯಲ್ಲಿತ್ತು. ಉದ್ದನೆಯ ಲೆಕ್ಕದ ಪುಸ್ತಕ, ಕೆಂಪು ಬಟ್ಟೆಯ ರಟ್ಟು, ನಾಲ್ಕು ಮೂಲೆಗೂ ಅರಿಶಿನ. ಮೊದಲ ಪುಟದ ಮೇಲೆ 'ಶ್ರೀ' ಎಂದು ಬರೆದು, ಕೆಳಗೆ ನನ್ನ ಮದುವೆಯ ಮುಯ್ಯಿ. ಅದು 1996. ಆಮೇಲೆ ತಮ್ಮನ ಮದುವೆ, 2003. ಕೊನೆಗೆ ಬಸರಾಳಿನ ಕಡೆ ಕಟ್ಟಿದ ಹೊಸ ಮನೆಯ ಗೃಹಪ್ರವೇಶ, 2009. ಅಪ್ಪ ತೀರಿಕೊಂಡ ಮೇಲೆ ಆ ಪುಸ್ತಕವನ್ನು ಯಾರೂ ಬಿಚ್ಚಿರಲಿಲ್ಲ.

ಬರುವ ವೈಶಾಖದಲ್ಲಿ ತಮ್ಮನ ಮಗಳ ಮದುವೆ. ಯಾರನ್ನೂ ಬಿಡದೆ ಕರೆಯಬೇಕು. ನಮ್ಮ ಮಂಡ್ಯದ ಕಡೆ ಮುಯ್ಯಿ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು: ನಮ್ಮ ಮನೆಯ ಕಾರ್ಯಕ್ಕೆ ಬಂದವರು ಕೈಲಾದಷ್ಟು ಹಣವನ್ನೋ ಪಾತ್ರೆಯನ್ನೋ ಕೊಟ್ಟು ಬರೆಸುತ್ತಾರೆ. ಅವರ ಮನೆಯಲ್ಲಿ ಕಾರ್ಯ ಆದಾಗ ನಾವು ಹೋಗಿ ಮುಯ್ಯಿ ಮಾಡಬೇಕು. ಯಾರು ಏನು ಮಾಡಿದ್ದರು ಅನ್ನುವುದಕ್ಕೆ ಇರುವ ಒಂದೇ ಆಧಾರ ಈ ಪುಸ್ತಕ. ಅಂಚು ಒಡೆಯುತ್ತಿತ್ತು. ಕೆಲವು ಪುಟಕ್ಕೆ ಗೆದ್ದಲು ಬಾಯಿ ಹಾಕಿತ್ತು.

"ದೊಡ್ಡವ್ವ, ಇದನ್ನ ಸ್ಪ್ರೆಡ್‌ಶೀಟಿಗೆ ಹಾಕಿಬಿಡಿ" ಎಂದಳು ತಂಗಿ ಮಗಳು. ಅವಳು ಮಂಡ್ಯದಲ್ಲೇ ಬಿಕಾಂ ಓದುತ್ತಿದ್ದಾಳೆ. ನಾನು ಗುತ್ತಲಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ನನ್ನ ಹತ್ತಿರ ಇದ್ದ ಲೆಕ್ಕ ಅಂದರೆ ರವಿಕೆಯ ಅಳತೆ ಪುಸ್ತಕ ಒಂದೇ. ತಮ್ಮನ ಹಳೆಯ ಲ್ಯಾಪ್‌ಟಾಪಿನಲ್ಲಿ ಅವಳು ಲಿಬ್ರೆ ಆಫೀಸ್ ಹಾಕಿಕೊಟ್ಟಳು. ಅದರಲ್ಲಿರುವ ಕ್ಯಾಲ್ಕ್ ಅನ್ನೋದೇ ಸ್ಪ್ರೆಡ್‌ಶೀಟ್, ಕಂಪ್ಯೂಟರಿನ ಲೆಕ್ಕದ ಹಾಳೆ. ದುಡ್ಡು ಕೊಡಬೇಕಾಗಿಲ್ಲ. ಎಕ್ಸೆಲ್, ಗೂಗಲ್ ಶೀಟ್ಸ್ ಯಾವುದಾದರೂ ಸರಿ, ನಾನು ಇಲ್ಲಿ ಹೇಳುವುದೆಲ್ಲ ಹೆಚ್ಚುಕಮ್ಮಿ ಅಲ್ಲೂ ನಡೆಯುತ್ತದೆ.

ತೆರೆದರೆ ಬರೀ ಚೌಕಗಳು. ಒಂದೊಂದು ಚೌಕಕ್ಕೂ ಸೆಲ್ ಅನ್ನುತ್ತಾರೆ. ಮೇಲೆ ಎ, ಬಿ, ಸಿ. ಎಡಕ್ಕೆ 1, 2, 3. ಸಿ ಕಾಲಮ್ಮಿನ 5ನೇ ಸಾಲಿನಲ್ಲಿರುವ ಸೆಲ್ಲಿನ ಹೆಸರು ಸಿ5. ಊರು, ಮನೆ ನಂಬರು ಇದ್ದ ಹಾಗೆ. ಇಷ್ಟು ತಿಳಿಯಲು ಐದು ನಿಮಿಷ ಸಾಕು.

ಕಷ್ಟ ಶುರುವಾದದ್ದು ಏನನ್ನು ಎಲ್ಲಿ ಬರೆಯಬೇಕು ಅನ್ನುವಲ್ಲಿ. ಅಪ್ಪ ಒಂದೇ ಗೆರೆಯಲ್ಲಿ 'ಹೊಳಲು ಬಾವಿ ಮನೆಯವರು 101 ರೂ. ಹಿತ್ತಾಳೆ ಕೊಡ 1' ಎಂದು ಬರೆದಿದ್ದಾರೆ. ನಾನೂ ಅದನ್ನೇ ಒಂದು ಸೆಲ್ಲಿನಲ್ಲಿ ಇಡಿಯಾಗಿ ಬರೆದೆ. ಒಂದು ಪುಟ ಮುಗಿಸಿ ತೋರಿಸಿದೆ. ತಂಗಿ ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಳಲಿನವರು ಮಾತ್ರ ಯಾರ್‌ಯಾರು ಅಂತ ಕೇಳಿದರೆ ಇದರಲ್ಲಿ ಹೇಗೆ ಹುಡುಕ್ತೀರಾ?" ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಇಬ್ಬರೂ ಕೂತು ಕಾಲಂ ಮಾಡಿದೆವು. ಎ ಕ್ರಮ ಸಂಖ್ಯೆ, ಬಿ ಪುಸ್ತಕದ ಪುಟ, ಸಿ ಮನೆ, ಡಿ ಊರು, ಇ ಯಾವ ಕಾರ್ಯ, ಎಫ್ ಹಣ, ಜಿ ವಸ್ತು, ಎಚ್ ಟಿಪ್ಪಣಿ. ಒಂದು ಸಾಲಿಗೆ ಒಂದು ಮುಯ್ಯಿ. ಒಂದೇ ಮನೆಯವರು ಮೂರು ಕಾರ್ಯಕ್ಕೆ ಮಾಡಿದ್ದರೆ ಮೂರು ಸಾಲು. ಮನೆಗೊಂದೇ ಸಾಲು ಹಾಕಿ, ಅಡ್ಡಕ್ಕೆ 1996, 2003, 2009 ಎಂದು ಬರೆಯಬೇಕು ಅಂತ ನನಗೆ ಮೊದಲು ಅನಿಸಿತ್ತು. ನೋಡಲು ಅದು ಚೆಂದ. ಆದರೆ ಪ್ರತಿ ಕಾರ್ಯಕ್ಕೂ ಹೊಸ ಕಾಲಂ ಸೇರಿಸುತ್ತಾ ಹೋದರೆ ಕೊನೆಗೆ ಹುಡುಕುವುದೇ ದೊಡ್ಡ ಕೆಲಸ ಆಗುತ್ತದೆ. ಸಾಲುಗಳು ಕೆಳಕ್ಕೆ ಎಷ್ಟು ಬೇಕಾದರೂ ಬೆಳೆಯಲಿ. ಈಗಿನ ಎಕ್ಸೆಲ್‌ನ ಒಂದು ಶೀಟಿನಲ್ಲಿ 10,48,576 ಸಾಲಿಗೆ ಜಾಗ ಇದೆ. ನಮ್ಮ ಇಡೀ ತಾಲ್ಲೂಕಿನ ಮುಯ್ಯಿ ಬರೆದರೂ ಜಾಗ ಉಳಿಯಬಹುದು, ಅಲ್ವಾ?

ಸಂಜೆ ಅಂಗಡಿ ಮುಚ್ಚಿ ಬಂದು ದಿನಕ್ಕೆ ಎರಡು ಪುಟ ಹಾಕುತ್ತಿದ್ದೆ. 1996ರ ಮದುವೆಯೊಂದಕ್ಕೇ 187 ಸಾಲು ಆಯಿತು. ಒಟ್ಟು ಎಷ್ಟು ನೋಡೋಣ ಎಂದು ಕೆಳಗಿನ ಸೆಲ್ಲಿಗೆ ಬಂದೆ. ಮೊದಲು ಸಮ ಚಿಹ್ನೆ, ಆಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಎಸ್ ಯು ಎಂ, ಬ್ರಾಕೆಟ್ ಒಳಗೆ ಎಫ್2:ಎಫ್188, ಬ್ರಾಕೆಟ್ ಮುಚ್ಚಿ ಎಂಟರ್. ಮೊದಲ ಸಾಲಿನಲ್ಲಿ ಕಾಲಂ ಹೆಸರುಗಳು ಇರುವುದರಿಂದ ಲೆಕ್ಕ ಎರಡರಿಂದ ಶುರು.

ಬಂದ ಮೊತ್ತ ತುಂಬಾ ಕಡಿಮೆ ಇತ್ತು. ಅಪ್ಪ ಬರೆದದ್ದರ ಅರ್ಧವೂ ಇಲ್ಲ.

ಕಾರಣ ನನ್ನ ಕೈ. ಮೊದಲ ಹತ್ತಾರು ಪುಟಗಳಲ್ಲಿ '51 ರೂ' ಎಂದು ಬರೆದಿದ್ದೆ. 'ರೂ' ಸೇರಿದ ತಕ್ಷಣ ಕಂಪ್ಯೂಟರಿಗೆ ಅದು ಅಂಕಿ ಅಲ್ಲ, ಅಕ್ಷರ. ಕೂಡುವಾಗ ಅದನ್ನು ದಾಟಿ ಹೋಗುತ್ತದೆ. ತಪ್ಪು ಅಂತ ಎಚ್ಚರಿಸುವುದೂ ಇಲ್ಲ. ಇದನ್ನು ಕಣ್ಣಿನಲ್ಲೇ ಹಿಡಿಯಬಹುದು: ನಾವಾಗಿ ಬದಲಾಯಿಸದಿದ್ದರೆ ಅಂಕಿ ಸೆಲ್ಲಿನ ಬಲಕ್ಕೆ ಅಂಟುತ್ತದೆ, ಅಕ್ಷರ ಎಡಕ್ಕೆ. ಹಣದ ಕಾಲಮ್ಮಿನಲ್ಲಿ ಯಾವುದಾದರೂ ಎಡಕ್ಕೆ ಕೂತಿದ್ದರೆ ಅಲ್ಲೇ ನೋಡಿ. ಹೊಸಬರು ಮೊದಲು ರೂಢಿ ಮಾಡಿಕೊಳ್ಳಬೇಕಾದ್ದು ಇದೇ ಅಂತ ನನಗೆ ಅನಿಸುತ್ತದೆ. 'ಹಿತ್ತಾಳೆ ಕೊಡ', 'ಅಕ್ಕಿ 2 ಸೇರು', 'ಬೀಗರೂಟಕ್ಕೆ ಕುರಿ 1' ಇವೆಲ್ಲ ವಸ್ತುವಿನ ಕಾಲಮ್ಮಿಗೆ ಹೋದವು.

ಎಲ್ಲ ಸರಿಮಾಡಿ ಮತ್ತೆ ನೋಡಿದರೆ 9,838. ಅಪ್ಪನ ಪುಸ್ತಕದಲ್ಲಿ 9,874. ಇನ್ನೂ 36 ರೂಪಾಯಿ ವ್ಯತ್ಯಾಸ.

ಅಪ್ಪ ಪ್ರತಿ ಪುಟದ ಕೆಳಗೆ ಮೊತ್ತ ಹಾಕಿ, ಅದನ್ನೇ ಮುಂದಿನ ಪುಟದ ಮೇಲೆ ಮತ್ತೆ ಬರೆದುಕೊಳ್ಳುತ್ತಿದ್ದರು. ಒಂದು ಕಡೆ ತಪ್ಪಿ, ಮುಂದಿನ ನಾಲ್ಕು ಪುಟದ ಮೊತ್ತವನ್ನೂ ಹೊಡೆದುಹಾಕಿ ಬರೆದಿದ್ದಾರೆ. ಸ್ಪ್ರೆಡ್‌ಶೀಟ್ ಹುಟ್ಟಿದ್ದೇ ಈ ಕಷ್ಟದಿಂದ ಎಂದು ತಂಗಿ ಮಗಳು ಹೇಳಿದಳು. ಅಮೆರಿಕದ ಡ್ಯಾನ್ ಬ್ರಿಕ್ಲಿನ್ ಹಾರ್ವರ್ಡ್‌ನಲ್ಲಿ ಓದುವಾಗ ಮೇಷ್ಟ್ರು ಬೋರ್ಡಿನ ಮೇಲೆ ಅಂಕಿಗಳನ್ನು ಬರೆಯುತ್ತಿದ್ದರಂತೆ. ಒಂದು ಅಂಕಿ ಬದಲಾದರೆ ಅದಕ್ಕೆ ಹೊಂದಿಕೊಂಡ ಎಲ್ಲವನ್ನೂ ಅಳಿಸಿ ಮತ್ತೆ ಬರೀಬೇಕು. ಅದನ್ನು ನೋಡಿ ಅವನಿಗೆ ಹೊಳೆದದ್ದು ಇದು. ಬಾಬ್ ಫ್ರಾಂಕ್‌ಸ್ಟನ್ ಜೊತೆ ಸೇರಿ 1979ರಲ್ಲಿ ಆಪಲ್ 2 ಕಂಪ್ಯೂಟರಿಗೆ ವಿಸಿಕ್ಯಾಲ್ಕ್ ಅಂತ ತಂದ. ಎಕ್ಸೆಲ್ ಬಂದದ್ದು 1985ರಲ್ಲಿ, ಅದೂ ಮೊದಲು ಮ್ಯಾಕಿಂಟಾಷ್‌ಗೆ. ಇದನ್ನು ಕೇಳಿದಾಗ ಅಪ್ಪ ಹೊಡೆದುಹಾಕಿದ ಆ ನಾಲ್ಕು ಪುಟಗಳನ್ನು ಇನ್ನೊಮ್ಮೆ ತೆಗೆದು ನೋಡಿದೆ.

36ರ ಗಂಟು ಬಿಡಿಸಿದ್ದೂ ಅವಳೇ. "ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ, ಅಂಕಿ ಹಿಂದುಮುಂದು ಆಗಿರಬಹುದು ದೊಡ್ಡವ್ವ" ಎಂದಳು. 36 ಅಂದರೆ ಒಂಬತ್ತು ನಾಲ್ಕಲ. ಹಾಗಾದರೆ ನಾಲ್ಕರ ಅಂತರ ಇರುವ ಎರಡು ಅಂಕಿ ಅದಲುಬದಲಾಗಿರಬೇಕು. 51ರ ಜಾಗದಲ್ಲಿ 15! 15 ರೂಪಾಯಿ ಮುಯ್ಯಿ ನಮ್ಮೂರ ಕಡೆ ಯಾರು ಮಾಡ್ತಾರೆ? ಡೇಟಾ ಮೆನುವಿನಲ್ಲಿ ಆಟೋಫಿಲ್ಟರ್ ಒತ್ತಿದರೆ ಕಾಲಂ ಹೆಸರಿನ ಪಕ್ಕ ಸಣ್ಣ ಬಾಣ ಬರುತ್ತದೆ. ಹಣದ ಕಾಲಮ್ಮಿನಲ್ಲಿ ಅದನ್ನು ಒತ್ತಿ 15 ಒಂದನ್ನೇ ಆರಿಸಿದೆ. 186 ಸಾಲು ಮರೆಯಾಗಿ ಒಂದೇ ಸಾಲು ಉಳಿಯಿತು. ಪುಟ 6, ದುದ್ದದ ಹೊಸಮನೆಯವರು. ಪುಸ್ತಕ ತೆಗೆದು ನೋಡಿದರೆ 51. ತಿದ್ದಿದೆ. ಫಿಲ್ಟರ್ ತೆಗೆದು ನೋಡಿದರೆ ಕೆಳಗಿನ ಮೊತ್ತ ತಾನಾಗಿಯೇ 9,874 ಆಗಿತ್ತು. ಅಪ್ಪನ ಮೊತ್ತವೂ ನನ್ನದೂ ಒಂದೇ. ಆ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಇನ್ನು ನಾನು ಮಾಡಿದ ದೊಡ್ಡ ತಪ್ಪು. ಇದನ್ನು ಹೇಳಲೆಂದೇ ಬರೆಯಲು ಕೂತೆ.

ಜಾಸ್ತಿ ಮುಯ್ಯಿ ಮಾಡಿದವರು ಯಾರು ನೋಡೋಣ ಎಂದು ಹಣದ ಕಾಲಮ್ಮಿನ ತಲೆ ಎಫ್ ಮೇಲೆ ಒತ್ತಿ, ಆ ಕಾಲಂ ಒಂದನ್ನೇ ಆರಿಸಿ ಸಾರ್ಟ್ ಕೊಟ್ಟೆ, ಅಂದರೆ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸು ಅಂತ. ಪಕ್ಕದ ಕಾಲಮ್ಮುಗಳನ್ನೂ ಸೇರಿಸಲೇ ಎಂದು ಅದು ಕೇಳಿತು. ಪೂರ್ತಿ ಓದದೆ ಬೇಡ ಅಂದುಬಿಟ್ಟೆ. ದೊಡ್ಡ ಮೊತ್ತಗಳು ಮೇಲೆ ಬಂದವು. ಸೇವ್ ಮಾಡಿ ಮುಚ್ಚಿ ಮಲಗಿದೆ.

ಮಾರನೆ ದಿನ ಅವ್ವನಿಗೆ ಓದಿ ಹೇಳುತ್ತಿದ್ದೆ. ಅವ್ವನಿಗೆ ಈಗ 78. ಓದು ಬರಹ ಇಲ್ಲ. ಆದರೆ ನೆನಪು ಗಟ್ಟಿ. "ಹೊಳಲಿನ ಬಾವಿ ಮನೆ, 21" ಎಂದೆ. ಅವ್ವ ಎಲೆ ಅಡಿಕೆ ಬಾಯಿಗೆ ಹಾಕುವುದನ್ನು ನಿಲ್ಲಿಸಿ, "ಬಾವಿ ಮನೆಯೋರು ಇಪ್ಪತ್ತೊಂದಾ? ಎಲ್ಲಾದ್ರೂ ಉಂಟಾ ಮಗ! ನೂರೊಂದು ಕೊಟ್ಟು ಕೊಡ ಇಟ್ಟೋರು ಕಣವ್ವ ಅವ್ರು" ಎಂದಳು.

ಆಗ ಗೊತ್ತಾಯಿತು. ಹಣದ ಕಾಲಂ ಮಾತ್ರ ಜರುಗಿದೆ. ಮನೆ, ಊರು ಇದ್ದಲ್ಲೇ ಇವೆ. ಒಬ್ಬರ ಮುಯ್ಯಿ ಇನ್ನೊಬ್ಬರ ಹೆಸರಿನ ಮುಂದೆ ಕೂತಿದೆ. 187 ಸಾಲೂ ಹಾಗೆ. ಆಗಲೇ ನೋಡಿದ್ದರೆ ಕಂಟ್ರೋಲ್ ಜೆಡ್ ಒತ್ತಿ ಹಿಂದಕ್ಕೆ ಹೋಗಬಹುದಿತ್ತು. ಫೈಲ್ ಮುಚ್ಚಿ ತೆರೆದ ಮೇಲೆ ಆ ದಾರಿ ಇಲ್ಲ. ನನಗೆ ಅಳು ಬಂತು. ಕೆಲಸ ಹಾಳಾಯಿತು ಅಂತಲ್ಲ. ಅವ್ವ ಹೇಳದಿದ್ದರೆ ಬಾವಿ ಮನೆಯವರು ಮಾಡಿದ್ದು ನಮ್ಮ ಮನೆಯ ಲೆಕ್ಕದಿಂದಲೇ ಅಳಿಸಿಹೋಗುತ್ತಿತ್ತು.

ಹಣದ ಕಾಲಂ ಪೂರ್ತಿ ಅಳಿಸಿ, ಪುಸ್ತಕ ನೋಡಿಕೊಂಡು ಮತ್ತೆ ಹಾಕಿದೆ. ನಾಲ್ಕು ಸಂಜೆ ಹಿಡಿಯಿತು. ಕ್ರಮ ಸಂಖ್ಯೆ, ಪುಟ ಸಂಖ್ಯೆ ಅಲುಗದೆ ಇದ್ದದ್ದರಿಂದ ಅಷ್ಟಾದರೂ ಸುಲಭವಾಯಿತು. ಅದಕ್ಕೇ ಹೇಳುತ್ತಿದ್ದೇನೆ, ಕ್ರಮ ಸಂಖ್ಯೆ ಬೇಡ ಅನ್ನಬೇಡಿ. 1, 2 ಎಂದು ಎರಡು ಸೆಲ್ಲಿನಲ್ಲಿ ಬರೆದು, ಎರಡನ್ನೂ ಆರಿಸಿ, ಕೆಳಮೂಲೆಯ ಚುಕ್ಕಿ ಹಿಡಿದು ಎಳೆದರೆ ಮುಂದಿನದು ತಾನೇ ತುಂಬಿಕೊಳ್ಳುತ್ತದೆ. ಸಾರ್ಟ್ ಮಾಡುವಾಗ ಎಲ್ಲ ಕಾಲಮ್ಮೂ ಒಟ್ಟಿಗೆ ಆರಿಸಿ. ಸಾಲು ಇಡಿಯಾಗಿ ಜರುಗಬೇಕು. ರವಿಕೆ ಕತ್ತರಿಸುವಾಗ ಒಬ್ಬರ ಮುಂಭಾಗಕ್ಕೆ ಇನ್ನೊಬ್ಬರ ತೋಳು ಸೇರಿಸಿದರೆ ಆಗುತ್ತದೆಯೇ? ಏನಾದರೂ ಹೊಸದು ಮಾಡುವ ಮುಂಚೆ ಫೈಲನ್ನು ಬೇರೆ ಹೆಸರಿನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಿ. ನಾನು ಹೆಸರಿನ ಕೊನೆಗೆ ತಾರೀಖು ಸೇರಿಸುತ್ತೇನೆ.

ಹೆಸರು ಬರೆಯುವುದರಲ್ಲೂ ಹುಷಾರಾಗಿರಬೇಕು. ಒಂದು ಕಡೆ 'ಬಾವಿ ಮನೆ', ಇನ್ನೊಂದು ಕಡೆ 'ಬಾವಿಮನೆ' ಎಂದು ಬರೆದಿದ್ದೆ. ನಮಗೆ ಎರಡೂ ಒಂದೇ. ಕಂಪ್ಯೂಟರಿಗೆ ಎರಡು ಮನೆ. ಒಂದು ಮನೆಯವರು ಒಟ್ಟು ಎಷ್ಟು ಮಾಡಿದ್ದಾರೆ ಅಂತ ಕೂಡಿಸಲು ಸಮ್‌ಇಫ್ ಅನ್ನುವ ಫಾರ್ಮುಲಾ ಇದೆ. ಎಲ್ಲಿ ಹುಡುಕಬೇಕು, ಏನು ಹುಡುಕಬೇಕು, ಏನನ್ನು ಕೂಡಬೇಕು, ಈ ಮೂರು ಹೇಳಬೇಕು ಅಷ್ಟೇ. ಆದರೆ ಹೆಸರಿನ ನಡುವೆ ಒಂದು ಸ್ಪೇಸ್ ಹೆಚ್ಚುಕಮ್ಮಿ ಆದರೂ ಆ ಸಾಲು ತಪ್ಪಿಹೋಗುತ್ತದೆ. ಕ್ಯಾಲ್ಕ್‌ನಲ್ಲಿ ಕಂಟ್ರೋಲ್ ಎಚ್ ಒತ್ತಿ ಒಂದೇ ಸಲಕ್ಕೆ ಎಲ್ಲ ಕಡೆ ಬದಲಾಯಿಸಬಹುದು.

ಇನ್ನೊಂದು ಶೀಟಿನಲ್ಲಿ ನಾವು ಬೇರೆಯವರಿಗೆ ಮಾಡಿದ ಮುಯ್ಯಿ ಬರೆದೆವು. "ಬಂದದ್ದರಲ್ಲಿ ಕೊಟ್ಟದ್ದು ಕಳೆದು ಬಾಕಿ ಅಂತ ಒಂದು ಕಾಲಂ ಹಾಕಲಾ?" ಎಂದು ತಂಗಿ ಮಗಳು ಕೇಳಿದಳು. ಫಾರ್ಮುಲಾ ಸುಲಭ. ಆದರೂ ನಾನು ಬೇಡ ಎಂದೆ. ಮುಯ್ಯಿ ಸಾಲ ಅಲ್ಲ. 1996ರ 101 ರೂಪಾಯಿಗೆ ಇವತ್ತು 101 ಕೊಟ್ಟು ತೀರಿತು ಅನ್ನಲು ಆಗುವುದಿಲ್ಲ. ಎಲ್ಲವನ್ನೂ ಕಳೆಯಲು ಬರುತ್ತದೆ ಅಂತ ಕಳೆಯಬಾರದು. ಎರಡು ಶೀಟೂ ಪಕ್ಕಪಕ್ಕ ಇವೆ, ನೋಡಿಕೊಂಡರೆ ಸಾಕು.

ಮೂರು ಕಾರ್ಯವೂ ಸೇರಿ ಈಗ 540 ಸಾಲು ಆಗಿದೆ. ಮುಗಿಯಿತು ಅಂದುಕೊಂಡಿದ್ದೆ. ಹೋದ ಭಾನುವಾರ ಪೂರ್ತಿ ಓದಿ ಮುಗಿಸಿದ ಮೇಲೆ ಅವ್ವ ಕೇಳಿದಳು: "ಕೆರೆ ಕೋಡಿ ಮನೆ ಅಕ್ಕ ಎಲ್ಲವ್ವ?"

ಹುಡುಕಿದೆ. ಇರಲಿಲ್ಲ. ಪುಸ್ತಕದಲ್ಲೂ ಇಲ್ಲ.

"ಅವಳ ಕೈಲಿ ಆಗ ಕಾಸು ಎಲ್ಲಿತ್ತು? ನಿನ್ನ ಮದುವೇಲಿ ಮೂರು ದಿನ ಒಲೆ ಮುಂದೆ ಕೂತಿದ್ಲು. ಅವಳನ್ನ ಬರಿ."

ತಂಗಿ ಮಗಳಿಗೆ ಫೋನ್ ಮಾಡಿದೆ. ಹಣದ ಸೆಲ್ ಖಾಲಿ ಬಿಡಲಾ, ಸೊನ್ನೆ ಹಾಕಲಾ ಎಂದು ಕೇಳಿದೆ. ಖಾಲಿ ಬಿಟ್ಟರೆ ಗೊತ್ತಿಲ್ಲ ಅಂತ, ಸೊನ್ನೆ ಹಾಕಿದರೆ ಗೊತ್ತಿದೆ, ಹಣ ಇಲ್ಲ ಅಂತ. ಸರಾಸರಿ ತೆಗೆಯುವಾಗಲೂ ಖಾಲಿಯನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಸೊನ್ನೆಯನ್ನು ತೆಗೆದುಕೊಳ್ಳುತ್ತದೆ ಎಂದಳು.

541ನೇ ಕ್ರಮ ಸಂಖ್ಯೆಗೆ ಬಂದೆ. ಮನೆ: ಕೆರೆ ಕೋಡಿ ಮನೆ. ಕಾರ್ಯ: 1996 ಮದುವೆ. ಹಣ: 0. ಟಿಪ್ಪಣಿಯ ಕಾಲಮ್ಮಿನಲ್ಲಿ ಅವ್ವ ಹೇಳಿದ ಹಾಗೆಯೇ ಬರೆದೆ. ಅದು ಉದ್ದವಾಗಿ ಸೆಲ್ಲಿನಿಂದ ಹೊರಗೆ ಚಾಚಿತು. ಕಾಲಂ ಅಗಲ ಮಾಡಿದೆ. ಆಮೇಲೆ ಅವ್ವ ಇನ್ನೊಂದು ಹೆಸರು ಹೇಳಿದಳು.