ಹೆರಾಲ್ಡ್ ಕಾರಲ್ಲಿ ಮದ್ರಾಸ್ ಟ್ರ್ಯಾಕಿಗೆ: ಚಿಕ್ಕಬಳ್ಳಾಪುರದ ಕಡೆಯಿಂದ ಹೋಗುವವರಿಗೆ

ಮಾವನ ಹಳೇ ಹೆರಾಲ್ಡ್ ಓಡಿಸಿಕೊಂಡು ಮದ್ರಾಸ್ ಹತ್ತಿರದ ರೇಸಿಗೆ ಹೋಗಿಬಂದೆವು. ಹಾಗೆ ಹೋಗುವವರು ಮುಳಬಾಗಿಲಲ್ಲಿ ರೂಮ್ ಮಾಡುವ ಮುಂಚೆ ಕ್ಯಾಲೆಂಡರ್ ನೋಡಿ. ಮದುವೆ ಮುಹೂರ್ತ ಇದ್ದರೆ ಆ ಊರಲ್ಲಿ ಮಲಗುವ ಆಸೆ ಬಿಡಿ. ಫೋನಲ್ಲಿ 1,200 ಅಂದಿದ್ದ ಲಾಡ್ಜಿನವನು ನಾವು ಬ್ಯಾಗ್ ಇಳಿಸಿದ ಮೇಲೆ 2,800 ಅಂದ. "ನಾಳೆ ಮುಹೂರ್ತ ಸಾರ್, ನೀವು ಬೇಡ ಅಂದ್ರೆ ತಗೊಳ್ಳೋಕೆ ಜನ ಕಾಯ್ತಿದ್ದಾರೆ" ಅಂತ ಬಾಗಿಲ ಕಡೆ ಕೈ ತೋರಿಸಿದ. ಬಾಗಿಲಲ್ಲಿ ಒಂದು ನಾಯಿ ಮಲಗಿತ್ತು, ಅಷ್ಟೆ. ಕತ್ತಲಾಗಿತ್ತು, ಹಳೇ ಕಾರಿನ ಹೆಡ್‌ಲೈಟ್ ನಂಬಿ ಮುಂದೆ ಹೋಗುವಂತಿರಲಿಲ್ಲ. ಕೊಟ್ಟೆವು.

ಆ ದುಡ್ಡಿಗೆ ಸಿಕ್ಕಿದ್ದೇನು? ಬೆಳಗ್ಗೆ ಆರಕ್ಕೆ ಬಿಸಿನೀರು, ನಾವು ಹೊರಡುವುದು ಐದಕ್ಕೆ. ಬಾತ್‌ರೂಮಿನ ಚಿಲಕ ಹೊರಗಡೆ ಇತ್ತು, ಒಳಗಡೆ ಇರಲಿಲ್ಲ. ಕಾಂಪೌಂಡಲ್ಲಿ ಮದುವೆಯವರ ಜನರೇಟರ್ ನಿಂತಿದ್ದರಿಂದ ಕಾರು ರಸ್ತೆಯಲ್ಲೇ ಉಳಿಯಿತು. ಮಾವ ರಾತ್ರಿಯೆಲ್ಲ ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು ಕಾರು ಕಾದರು. ಸದ್ದು, ಸೊಳ್ಳೆ ನನಗೆ ಲೆಕ್ಕಕ್ಕಿಲ್ಲ. ಬಾತ್‌ರೂಮ್ ಗಲೀಜಾಗಿದ್ದರೆ ಮಾತ್ರ ತಡೆಯೋಕಾಗಲ್ಲ. ನೀವೂ ಹಾಗೇ ಇದ್ದರೆ ಕೋಲಾರದಲ್ಲೇ ಉಳಿದುಬಿಡಿ. ಬೆಳಗ್ಗೆ ಅರ್ಧ ಗಂಟೆ ಬೇಗ ಎದ್ದರಾಯಿತು.

ಕಾರು ಮಾವನದು, ಅರವತ್ತರ ದಶಕದ ಸ್ಟ್ಯಾಂಡರ್ಡ್ ಹೆರಾಲ್ಡ್, 948 ಸಿ.ಸಿ. ಟ್ರಯಂಫ್ ಸ್ಪಿಟ್‌ಫೈರ್ ಅನ್ನೋ ಸ್ಪೋರ್ಟ್ಸ್ ಕಾರನ್ನು ಇದೇ ಹೆರಾಲ್ಡ್ ಚಾಸಿ ಗಿಡ್ಡ ಮಾಡಿ ಕಟ್ಟಿದ್ದು. ಹಾಗಾಗಿ ಇದೂ ಸ್ಪೋರ್ಟ್ಸ್ ಕಾರೇ ಅನ್ನುವುದು ಮಾವನ ವಾದ. ಹಳೇ ಕಾರಿನವರೆಲ್ಲ ಸೇರಿ ಶ್ರೀಪೆರಂಬುದೂರಿನ ಆಚೆ ಇರುಂಗಾಟ್ಟುಕೋಟೈ ಟ್ರ್ಯಾಕಲ್ಲಿ ವಿಂಟೇಜ್ ರೇಸ್ ಇಟ್ಟುಕೊಂಡಿದ್ದರು. ಕಾರು ಹೊರುವ ಲಾರಿಯವರು ಹೇಳಿದ ರೇಟು ಕೇಳಿ ಮಾವ, "ಲೋ, ಈ ಕಾರು ಹುಟ್ಟಿದ್ದೇ ಮದ್ರಾಸಲ್ಲಿ. ದಾರಿ ಗೊತ್ತು ಅದಕ್ಕೆ, ಓಡಿಸ್ಕೊಂಡೇ ಹೋಗೋಣ" ಅಂದರು.

ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು, ಅಲ್ಲಿಂದ ನಂಗಲಿ ದಾಟಿ ಪಲಮನೇರು, ಚಿತ್ತೂರು. ನಮ್ಮ ಕಡೆಯಿಂದ ಇದೇ ಸರಿಯಾದ ದಾರಿ. ಹೊಸಕೋಟೆಯಿಂದ ಬೇತಮಂಗಲದ ಕಡೆಗೆ ಹೊಸ ಎಕ್ಸ್‌ಪ್ರೆಸ್‌ವೇ ಸುಮಾರು 70 ಕಿ.ಮೀ. ತೆರೆದಿದೆ, ನಿಜ. ಆದರೆ ಅರವತ್ತರಲ್ಲಿ ಹೋಗುವ ಕಾರಿಗೆ ಅಲ್ಲಿ ಕೆಲಸವಿಲ್ಲ. ಹಿಂದಿನಿಂದ ಬರುವವರು ನೂರರ ಮೇಲಿರುತ್ತಾರೆ. ಹಳೇ ರಸ್ತೆಯಲ್ಲಾದರೆ ಕೆಟ್ಟು ನಿಂತಾಗ ಒಂದು ಪಂಕ್ಚರ್ ಅಂಗಡಿಯಾದರೂ ಕಣ್ಣಿಗೆ ಬೀಳುತ್ತದೆ.

ಇನ್ನು ಮುಳಬಾಗಿಲ ದೋಸೆ. ಲಾಡ್ಜಿನ ಮೇಲಿನ ಸಿಟ್ಟು ಇಳಿದದ್ದು ಇದರಿಂದಲೇ. ಬಸ್ ಸ್ಟ್ಯಾಂಡ್ ಹತ್ತಿರದ ಗಲ್ಲಿಯಲ್ಲಿ ಬೋರ್ಡೂ ಇಲ್ಲದ ಅಂಗಡಿ, ನಾಲ್ಕು ಬೆಂಚು. ಬೆಳಿಗ್ಗೆ ಐದಕ್ಕೇ ಕಾವಲಿ ಕಾದಿತ್ತು. ಬೆಂಗಳೂರಿನವರ ಹಾಗೆ ಹಿಟ್ಟನ್ನು ಅಗಲಕ್ಕೆ ಎಳೆಯುವುದಿಲ್ಲ, ದಪ್ಪಗೆ ಬಿಡುತ್ತಾರೆ. ಸುತ್ತ ತುಪ್ಪ ಹಾಕಿ, ಉರಿ ತಗ್ಗಿಸಿ, ಸುಮ್ಮನೆ ಬಿಟ್ಟುಬಿಡುತ್ತಾರೆ. ಆತುರ ಮಾಡಿದರೆ ಬೈಯುತ್ತಾರೆ. ತಳ ಇಟ್ಟಿಗೆ ಬಣ್ಣಕ್ಕೆ ಬಂದು ಗರಿಗರಿ, ಮೇಲ್ಗಡೆ ತೂತು ತೂತಾಗಿ ಮೆತ್ತಗೆ. ಆಲೂಗಡ್ಡೆ ಪಲ್ಯ, ಖಾರವಾದ ಚಟ್ನಿ. ಸಾಂಬಾರ್ ಕೇಳಿದವರನ್ನು ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. "ರಾ ಅಣ್ಣಾ, ಕೂರ್ಚೋ" ಅಂತ ತೆಲುಗಲ್ಲಿ ಕರೆದ ಯಜಮಾನರು, ನಾವು ಕನ್ನಡ ಅಂತ ಗೊತ್ತಾದ ತಕ್ಷಣ ಕನ್ನಡಕ್ಕೆ ಹೊರಳಿದರು. ಆ ಊರಲ್ಲಿ ಎರಡೂ ನಡೆಯುತ್ತದೆ. ಇಬ್ಬರೂ ಹೊಟ್ಟೆ ತುಂಬ ತಿಂದು ಕಾಫಿ ಕುಡಿದರೂ 200 ದಾಟಲಿಲ್ಲ. ಮಾವ ಎರಡನ್ನು ಬಾಳೆ ಎಲೆಯಲ್ಲಿ ಕಟ್ಟಿಸಿಕೊಂಡರು. ಚಿತ್ತೂರಲ್ಲಿ ತಣ್ಣಗಾದ ಮೇಲೂ ಚೆನ್ನಾಗಿತ್ತು.

ಮುಳಬಾಗಿಲ ಹತ್ತಿರದ ಕುರುಡುಮಲೆ ಗಣಪನ ಗುಡಿಗೆ ಹೋಗಬೇಕು ಅಂತ ಮಾವ ಹಟ ಹಿಡಿದರು. ಸಂಕಷ್ಟಿ ದಿನ ಆ ಕ್ಯೂನಲ್ಲಿ ನಾನು ನಿಲ್ಲಲ್ಲ ಅಂದೆ. ನಿಮಗೆ ಜನಜಂಗುಳಿ ತೊಂದರೆ ಇಲ್ಲದಿದ್ದರೆ ಹೋಗಿಬನ್ನಿ.

ಪಲಮನೇರು ದಾಟಿದರೆ ಮೊಗಿಲಿ ಘಾಟಿ, ಇಳಿಜಾರು. ಹೆರಾಲ್ಡಿನ ಡ್ರಮ್ ಬ್ರೇಕನ್ನು ಒತ್ತಿಕೊಂಡೇ ಇಳಿದರೆ ಡ್ರಮ್ ಕಾಯುತ್ತದೆ, ಆಮೇಲೆ ಪೆಡಲ್ ತುಳಿದರೂ ಗಾಡಿ ನಿಲ್ಲುವುದಿಲ್ಲ. ಹತ್ತುವಾಗ ಬೇಕಾದ ಗೇರಲ್ಲೇ ಇಳಿಯಿರಿ. ಹಿಂದಿನ ಲಾರಿ ಹಾರ್ನ್ ಹೊಡೆಯಲಿ ಬಿಡಿ.

ಟ್ರ್ಯಾಕ್ ಬಗ್ಗೆ ಜಾಸ್ತಿ ಹೇಳಲ್ಲ. 1990ರಲ್ಲಿ ಶುರುವಾದದ್ದು, ಒಂದು ಸುತ್ತು 3.7 ಕಿ.ಮೀ. ಅದಕ್ಕೂ ಮುಂಚೆ ಶೋಳಾವರಂನ ಹಳೇ ವಿಮಾನದ ರನ್‌ವೇ ಮೇಲೆ ರೇಸ್ ನಡೆಯುತ್ತಿತ್ತು. ಮೊದಲ ದಿನ ಭಾಷಣ, ಸನ್ಮಾನ, ಫೋಟೋ. ಅದಕ್ಕೆ ಹೋಗದಿದ್ದರೂ ನಡೆಯುತ್ತದೆ. ಓಡುವ ಮುಂಚೆ ಕಾರು ಪರೀಕ್ಷೆ ಮಾಡುತ್ತಾರೆ, ಅದಕ್ಕೆ ಮಾತ್ರ ತಯಾರಾಗಿ ಹೋಗಿ. ಬ್ಯಾಟರಿ ಕ್ಲ್ಯಾಂಪ್ ಅಲುಗಾಡಬಾರದು. ಆಕ್ಸಿಲರೇಟರ್ ಬಿಟ್ಟ ಕೂಡಲೇ ಸ್ಪ್ರಿಂಗ್ ಪಟ್ ಅಂತ ಎಳೆಯಬೇಕು. ಆಯಿಲ್ ತೊಟ್ಟಿಕ್ಕಬಾರದು. ಹೆಡ್‌ಲೈಟ್ ಗಾಜಿಗೆ ಟೇಪ್ ಬೇಕು. ಹೆರಾಲ್ಡ್‌ನಂಥ ಕಾರಿಗೆ ಸೀಟ್ ಬೆಲ್ಟ್ ನಾವೇ ಹಾಕಿಸಬೇಕು, ಊರಲ್ಲೇ ಮುಗಿಸಿ. ಮೈಗೆ ತುಂಬು ತೋಳಿನ ಹತ್ತಿ ಬಟ್ಟೆ. ಪಾಲಿಯೆಸ್ಟರ್ ಬೇಡ, ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ.

ಓಡಿಸುವಾಗ ಒಂದು ಮಾತು. ಹೆರಾಲ್ಡಿನ ಹಿಂದಿನ ಆಕ್ಸಲ್ ನಡುವಿನ ಡಿಫರೆನ್ಷಿಯಲ್ (ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರ್ ಡಬ್ಬಿ) ಹತ್ತಿರ ಮಾತ್ರ ಮಡಚುತ್ತದೆ. ತಿರುವಿನ ಮಧ್ಯೆ ಭಯವಾಗಿ ಆಕ್ಸಿಲರೇಟರಿಂದ ಕಾಲು ತೆಗೆದರೆ ಹಿಂಭಾಗ ಎದ್ದು, ಹೊರಗಿನ ಚಕ್ರ ಕಾರಿನ ಕೆಳಗೆ ಮಡಚಿಕೊಳ್ಳುತ್ತದೆ, ಬಾಲ ತಿರುಗುತ್ತದೆ. ಬ್ರೇಕೆಲ್ಲ ತಿರುವಿಗೆ ಮುಂಚೆಯೇ ಮುಗಿಸಿ, ಒಳಗೆ ಹೋದ ಮೇಲೆ ಕಾಲನ್ನು ಸ್ವಲ್ಪ ಒತ್ತಿಯೇ ಇಡಬೇಕು. ಇದನ್ನು ಮಾವ ಹೇಳಿಕೊಟ್ಟಿದ್ದರು. ಆದರೂ ಮೊದಲ ಸುತ್ತಲ್ಲಿ ಸ್ಟೀರಿಂಗ್ ಹಗುರಾದಾಗ ನನ್ನ ಅಂಗೈ ಬೆವರಿತು. ಒಂದು ಫಿಯಟ್ ನಮ್ಮನ್ನು ದಾಟಿತು, ಒಂದು ಎಂ.ಜಿ. ಎರಡು ಸಲ ದಾಟಿತು. ನೀಲಿ ಬಾವುಟ ತೋರಿಸಿದರೆ ದಾರಿ ಬಿಡಿ, ಮರ್ಯಾದೆ ಪ್ರಶ್ನೆ ಮಾಡಬೇಡಿ.

ವಾಪಸ್ಸು ಬರುವಾಗ ಮಧ್ಯಾಹ್ನ ಘಾಟಿ ಹತ್ತಬೇಡಿ. ಹೆರಾಲ್ಡಿನಲ್ಲಿ ಪೆಟ್ರೋಲ್ ಎಳೆಯುವ ಪಂಪ್ ಇಂಜಿನ್ನಿಗೆ ಅಂಟಿಕೊಂಡಿರುವುದರಿಂದ ಬಿಸಿಗೆ ಪೆಟ್ರೋಲ್ ಪೈಪಲ್ಲೇ ಆವಿಯಾಗುತ್ತದೆ, ಗಾಡಿ ಮುಕ್ಕರಿಸಿ ನಿಂತುಬಿಡುತ್ತದೆ. ನಮ್ಮದೂ ನಿಂತಿತು. ಮಾವ ಹೆಗಲ ಮೇಲಿನ ಟವೆಲ್ ನೆನೆಸಿ ಪಂಪಿಗೆ ಸುತ್ತಿದರು. ಚುಸ್ ಅಂತ ಹಬೆ ಎದ್ದಿತು. ಹುಣಸೆ ಮರದ ನೆರಳಲ್ಲಿ ಕಾದು ಕೂತೆವು. ಆಮೇಲೆ ಒಂದೇ ಸಲ ಸೆಲ್ಫ್ ಹೊಡೆದಾಗ ಸ್ಟಾರ್ಟ್ ಆಯಿತು. ಎರಡು ಕ್ಯಾನ್ ನೀರು, ಒಂದು ಹಳೇ ಟವೆಲ್ ಡಿಕ್ಕಿಯಲ್ಲಿರಲಿ. ಈಗ ಬಂಕಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಹಳೇ ರಬ್ಬರ್ ಪೈಪು, ಪಂಪಿನೊಳಗಿನ ಡಯಾಫ್ರಂ ಅನ್ನೋ ಪೊರೆ ಎರಡನ್ನೂ ಅದು ತಿನ್ನುತ್ತದೆ. ಹೊರಡುವ ವಾರವೇ ಚಿಂತಾಮಣಿಯಲ್ಲೋ ಕೋಲಾರದಲ್ಲೋ ಹೊಸದು ಹಾಕಿಸಿಕೊಳ್ಳಿ, ದಾರಿಯಲ್ಲಿ ಹೆರಾಲ್ಡಿನ ಸಾಮಾನು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.