ಗೇಮಿಂಗ್ ಲ್ಯಾಪ್‌ಟಾಪ್: ಈಗಲೇ ತಗೊಳ್ಳಲಾ, ಇನ್ನೂ ಕಾಯಲಾ?

ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳಲು ಹೊರಟವರು ಯಾವ ಮಾಡೆಲ್ ಅನ್ನುವುದಕ್ಕೂ ಮೊದಲು ಕೇಳುವುದು ಇದನ್ನೇ: "ಈಗಲೇ ತಗೊಂಡುಬಿಡಲಾ, ಹೊಸದು ಬರೋವರೆಗೆ ಕಾಯಲಾ?" ನನ್ನ ಉತ್ತರ ಒಂದು ಮರುಪ್ರಶ್ನೆಯಿಂದ ಶುರುವಾಗುತ್ತದೆ. ಕಾಯುವುದು ಯಾವುದಕ್ಕೆ? ಅದಕ್ಕೊಂದು ಹೆಸರು, ಸುಮಾರಾಗಿ ಒಂದು ತಿಂಗಳು ಹೇಳಲು ಆಗುತ್ತದಾದರೆ ಕಾಯಿರಿ. "12 ಜಿಬಿ ಗ್ರಾಫಿಕ್ಸ್ ಮೆಮೊರಿ ಇರುವುದೇ ಬೇಕು, ಇನ್ನು ನಾಲ್ಕು ತಿಂಗಳಲ್ಲಿ ದುಡ್ಡು ಕೂಡುತ್ತದೆ" ಅನ್ನುವುದು ಸರಿಯಾದ ಕಾರಣ (ಗ್ರಾಫಿಕ್ಸ್ ಮೆಮೊರಿ ಎಂದರೆ ಆಟದ ಚಿತ್ರ ಬಿಡಿಸುವ ಗ್ರಾಫಿಕ್ಸ್ ಚಿಪ್ಪಿಗೇ ಮೀಸಲಾದ ಮೆಮೊರಿ). "ಮುಂದೆ ಇನ್ನೂ ಒಳ್ಳೆಯದು ಬರುತ್ತಲ್ಲ" ಅನ್ನುವುದು ಕಾರಣವೇ ಅಲ್ಲ, ಏಕೆಂದರೆ ಆ ಮಾತು ಯಾವ ವರ್ಷ ಹೇಳಿದರೂ ನಿಜವೇ.

ಹೊಸ ತಲೆಮಾರು ಬರುವ ಲೆಕ್ಕ ಗುಟ್ಟೇನಲ್ಲ. ಗ್ರಾಫಿಕ್ಸ್ ಚಿಪ್ ತಯಾರಿಸುವ ಎನ್‌ವಿಡಿಯಾ ಕಂಪನಿ ಲ್ಯಾಪ್‌ಟಾಪ್‌ಗಳ ಆರ್‌ಟಿಎಕ್ಸ್ 30 ಸರಣಿಯನ್ನು 2021ರ ಜನವರಿಯಲ್ಲಿ, 40 ಸರಣಿಯನ್ನು 2023ರ ಜನವರಿಯಲ್ಲಿ, 50 ಸರಣಿಯನ್ನು 2025ರ ಜನವರಿಯಲ್ಲಿ ಘೋಷಿಸಿತು. ಆದರೆ ಘೋಷಣೆಯಾದ ದಿನವೇ ಯಂತ್ರ ಕೈಗೆ ಸಿಗುವುದಿಲ್ಲ. 50 ಸರಣಿಯ ದುಬಾರಿ ಲ್ಯಾಪ್‌ಟಾಪ್‌ಗಳು ಬರತೊಡಗಿದ್ದು ಮಾರ್ಚ್ ಕೊನೆಗೆ. ಆ ಸರಣಿಯಲ್ಲಿ ಹೆಚ್ಚಿನವರು ಕೊಳ್ಳುವ 5060 ಚಿಪ್ಪಿನ ಯಂತ್ರಗಳು ಬಂದದ್ದು ಮೇ ತಿಂಗಳಲ್ಲಿ. ಮೊದಲ ಕಂತಿನ ಯಂತ್ರಗಳಲ್ಲಿ ಡ್ರೈವರ್ (ಚಿಪ್ಪನ್ನು ನಡೆಸುವ ತಂತ್ರಾಂಶ) ಮತ್ತು ಬಯೋಸ್ (ಬೋರ್ಡಿನಲ್ಲೇ ಇರುವ ಮೂಲ ತಂತ್ರಾಂಶ) ತೊಂದರೆಗಳೂ ಹೆಚ್ಚು. ಹಾಗಾಗಿ "ಹೊಸ ಸರಣಿಗೆ ಕಾಯುತ್ತೇನೆ" ಅನ್ನುವವರು ಘೋಷಣೆಯ ಮೇಲೆ ಇನ್ನೂ ನಾಲ್ಕೈದು ತಿಂಗಳು ಸೇರಿಸಿಯೇ ಲೆಕ್ಕ ಹಾಕಬೇಕು.

ಅಷ್ಟು ಕಾದರೆ ಎಷ್ಟು ಲಾಭ? ಇಲ್ಲಿ ಬಹಳ ಜನ ಎಡವುತ್ತಾರೆ. ಲ್ಯಾಪ್‌ಟಾಪಿನಲ್ಲಿ ವೇಗದ ಮಿತಿಯನ್ನು ಚಿಪ್‌ಗಿಂತ ಹೆಚ್ಚಾಗಿ ಶಾಖ ನಿರ್ಧರಿಸುತ್ತದೆ. ಎರಡು ಫ್ಯಾನು, ನಾಲ್ಕಾರು ತಾಮ್ರದ ಪೈಪು ಎಷ್ಟು ವ್ಯಾಟ್ ಶಾಖವನ್ನು ಹೊರಗೆ ತಳ್ಳಬಲ್ಲವೋ ಅಷ್ಟೇ ವಿದ್ಯುತ್ತನ್ನು ಚಿಪ್ ಸೇವಿಸಬಹುದು. ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪ್ ಚಿಪ್ಪನ್ನು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಲ್ಲಿ ಬೇಕಾದರೂ ಹೊಂದಿಸಲು ತಯಾರಕರಿಗೆ ಅವಕಾಶವಿದೆ. ಅದರ ಮೇಲೆ ಡೈನಾಮಿಕ್ ಬೂಸ್ಟ್ ಬೇರೆ, ಅಂದರೆ ಪ್ರೊಸೆಸರಿಗೆ ಬೇಡವಾದ ವ್ಯಾಟನ್ನು ಗ್ರಾಫಿಕ್ಸ್ ಚಿಪ್ಪಿಗೆ ಕೊಡುವ ವ್ಯವಸ್ಥೆ. ತೆಳ್ಳಗಿನ ಲ್ಯಾಪ್‌ಟಾಪಿನಲ್ಲಿ 60 ವ್ಯಾಟ್‌ಗೆ ಕಟ್ಟಿಹಾಕಿದ 4060, ದಪ್ಪ ಲ್ಯಾಪ್‌ಟಾಪಿನಲ್ಲಿ 100 ವ್ಯಾಟ್ ದಾಟುವ 4060 ಎರಡಕ್ಕೂ ಸ್ಟಿಕ್ಕರ್ ಒಂದೇ, ಆಟದಲ್ಲಿ ಸೆಕೆಂಡಿಗೆ ಸಿಗುವ ಫ್ರೇಮುಗಳು, ಅಂದರೆ ಚಿತ್ರಗಳು (ಎಫ್‌ಪಿಎಸ್), ಒಂದೇ ಅಲ್ಲ. ತಲೆಮಾರು ಬದಲಾದಾಗ ಸಿಗುವ ವ್ಯತ್ಯಾಸವನ್ನು ಈ ವ್ಯಾಟ್ ವ್ಯತ್ಯಾಸ ನುಂಗಿಹಾಕಬಲ್ಲದು. ಆದ್ದರಿಂದ ಮಾಹಿತಿ ಪಟ್ಟಿಯಲ್ಲಿ ಮೊದಲು ಹುಡುಕಬೇಕಾದದ್ದು ಟಿಜಿಪಿ (ಟೋಟಲ್ ಗ್ರಾಫಿಕ್ಸ್ ಪವರ್) ಅಥವಾ ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್, ಅಂದರೆ ಗ್ರಾಫಿಕ್ಸ್ ಚಿಪ್ಪಿನ ವ್ಯಾಟ್ ಮಿತಿ. ಆ ಸಂಖ್ಯೆ ಎಲ್ಲೂ ಬರೆದಿಲ್ಲವಾದರೆ ಆ ಯಂತ್ರದ ಬಗ್ಗೆ ಅನುಮಾನ ಇಟ್ಟುಕೊಳ್ಳಿ.

ಹೆಸರನ್ನು ನಂಬಬೇಡಿ ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. ಡೆಸ್ಕ್‌ಟಾಪ್ 5070ಕ್ಕೆ 12 ಜಿಬಿ ಮೆಮೊರಿ. 2025ರಲ್ಲಿ ಬಂದ ಲ್ಯಾಪ್‌ಟಾಪ್ 5070ಕ್ಕೆ 8 ಜಿಬಿ ಮಾತ್ರ. ಲ್ಯಾಪ್‌ಟಾಪ್ 4060, 4070, 5060 ಎಲ್ಲಕ್ಕೂ ಅದೇ 8 ಜಿಬಿ. ಆ ವರ್ಷ 12 ಜಿಬಿ ಬೇಕೆಂದರೆ 5070 ಟಿಐಗೆ ಏರಬೇಕಿತ್ತು, ಇಲ್ಲವೇ ಹಿಂದಿನ ಸರಣಿಯ 4080ಕ್ಕೆ ಹೋಗಬೇಕಿತ್ತು. ಹಳೆಯ 4080 ಲ್ಯಾಪ್‌ಟಾಪ್ ಹೊಸ 5070ಕ್ಕಿಂತ ವೇಗವಾಗಿ ಓಡುತ್ತದೆ, ಮೆಮೊರಿಯೂ ಹೆಚ್ಚು. ಹೊಸ ಸರಣಿ ಬಂದು ಹಳೆಯ ದಾಸ್ತಾನು ಖಾಲಿ ಮಾಡುವ ಹೊತ್ತು ಕೊಳ್ಳುವವರಿಗೆ ಒಳ್ಳೆಯದು ಅನ್ನುವುದು ಇದಕ್ಕೇ. ಆದರೆ ಒಳ್ಳೆಯ ಪರದೆ, ಸರಿಯಾದ ರ‍್ಯಾಮ್ ಇರುವ ಯಂತ್ರಗಳು ಮೊದಲು ಖಾಲಿಯಾಗುತ್ತವೆ. ತಿಂಗಳುಗಟ್ಟಲೆ ತಡಮಾಡಿದವರಿಗೆ ಉಳಿಯುವುದು ಯಾರೂ ಎತ್ತಿಕೊಳ್ಳದ ಜೋಡಣೆಗಳು.

ಹೊಸ ಸರಣಿಯ ಜಾಹೀರಾತಿನಲ್ಲಿ "ಎರಡು ಪಟ್ಟು, ಮೂರು ಪಟ್ಟು" ಎಂದು ಕಂಡರೆ ಕೆಳಗಿನ ಸಣ್ಣ ಅಕ್ಷರ ಓದಿ. 50 ಸರಣಿಯ ಮಲ್ಟಿ ಫ್ರೇಮ್ ಜನರೇಶನ್ ನಿಜವಾಗಿ ಬಿಡಿಸಿದ ಒಂದೊಂದು ಫ್ರೇಮಿನ ಜೊತೆಗೆ ಊಹಿಸಿದ ಹಲವು ಫ್ರೇಮುಗಳನ್ನು ಸೇರಿಸುತ್ತದೆ. ಚಲನೆ ನುಣುಪಾಗಿ ಕಾಣುತ್ತದೆ, ಅದು ಸುಳ್ಳಲ್ಲ. ಆದರೆ ಮೌಸ್ ಕ್ಲಿಕ್ಕಿಗೆ ಆಟ ಸ್ಪಂದಿಸುವ ವೇಗ ನಿಂತಿರುವುದು ನಿಜವಾದ ಫ್ರೇಮುಗಳ ಮೇಲೆ. ಮೂಲದಲ್ಲಿ ಸೆಕೆಂಡಿಗೆ 60 ಫ್ರೇಮು ಬರುತ್ತಿದ್ದರೆ ಅದು ಒಳ್ಳೆಯ ಸೌಲಭ್ಯ. ಮೂಲದಲ್ಲೇ 30 ಇದ್ದರೆ ಸಂಖ್ಯೆ 100 ತೋರಿಸಿದರೂ ಕೈಗೆ ಭಾರ ಅನ್ನಿಸುತ್ತದೆ.

8 ಜಿಬಿ ಸಾಕೇ? 1920×1080 ಪರದೆಯಲ್ಲಿ, ಟೆಕ್ಸ್ಚರ್ (ಗೋಡೆ, ಮುಖಗಳ ಮೇಲ್ಮೈ ಚಿತ್ರ) ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಲು ಒಪ್ಪಿದರೆ, ಸಾಕು. 2560×1600 ಪರದೆಯಲ್ಲಿ ಹೊಸ ದೊಡ್ಡ ಆಟಗಳನ್ನು ಎಲ್ಲಾ ಸೆಟ್ಟಿಂಗ್ ಏರಿಸಿ ಆಡುವ ಆಸೆಯಿದ್ದರೆ ಸಾಲದು. ಗ್ರಾಫಿಕ್ಸ್ ಮೆಮೊರಿ ತುಂಬಿದಾಗ ಉಳಿದದ್ದು ಮುಖ್ಯ ರ‍್ಯಾಮಿಗೆ ಹರಿಯುತ್ತದೆ, ಅಲ್ಲಿಂದ ಪ್ರತಿ ಸಲ ಎಳೆದು ತರಬೇಕು. ಆಗ ಸರಾಸರಿ ಎಫ್‌ಪಿಎಸ್ ಚೆನ್ನಾಗಿಯೇ ಇದ್ದು ಮಧ್ಯೆ ಮಧ್ಯೆ ಗಕ್ಕನೆ ನಿಲ್ಲುತ್ತದೆ, ಗೋಡೆ, ಮುಖಗಳೆಲ್ಲ ಮಸುಕಾಗಿ ಕಾಣುತ್ತವೆ. ಈ ಮೆಮೊರಿ ಬೋರ್ಡಿಗೇ ಬೆಸುಗೆ ಹಾಕಿದ್ದು, ಆಮೇಲೆ ಹೆಚ್ಚಿಸುವ ದಾರಿಯೇ ಇಲ್ಲ. ನಾಲ್ಕೈದು ವರ್ಷ ಬಳಸುವ ಯೋಚನೆ ಇದ್ದು, ಕೈಯಲ್ಲಿರುವ ದುಡ್ಡು 8 ಜಿಬಿಗೆ ನಿಲ್ಲುತ್ತದಾದರೆ, 12 ಜಿಬಿಗಾಗಿ ಕೂಡಿಡುತ್ತಾ ಕಾಯುವುದನ್ನು ನಾನು ಮನಸ್ಸಿನಿಂದ ಒಪ್ಪುತ್ತೇನೆ.

ಮುಖ್ಯ ರ‍್ಯಾಮಿನ ಕತೆ ಬೇರೆ. "ಕಡಿಮೆ ರ‍್ಯಾಮ್ ಇರುವುದನ್ನು ತಗೊಳ್ಳಿ, ಆಮೇಲೆ ಅಗ್ಗಕ್ಕೆ ಹಾಕಿಸಿ" ಎಂಬುದು ಬಹಳ ವರ್ಷಗಳ ಸಲಹೆಯಾಗಿತ್ತು. 2025ರ ಕೊನೆಯಲ್ಲಿ ಅದು ತಲೆಕೆಳಗಾಯಿತು. ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ ಮೆಮೊರಿ ಬೆಲೆ ಜೋರಾಗಿ ಏರಿತು. ಆ ಡಿಸೆಂಬರಿನಲ್ಲಿ ಮೆಮೊರಿ ತಯಾರಿಸುವ ಮೈಕ್ರಾನ್ ಕಂಪನಿ ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ಕ್ರೂಷಿಯಲ್ ಎಂಬ ಹೆಸರಿನ ವ್ಯವಹಾರದಿಂದಲೇ ಹೊರಬರುವುದಾಗಿ ಘೋಷಿಸಿತು. ತಡಮಾಡಿದಷ್ಟೂ ಅಗ್ಗವಾಗುತ್ತದೆ ಅನ್ನುವ ನಂಬಿಕೆಯ ಮೇಲೆ ಮಾತ್ರ ಕಾಯಬೇಡಿ. ಬೇಕಾದಷ್ಟು ರ‍್ಯಾಮ್ ಯಂತ್ರದ ಜೊತೆಗೇ ಬರುವಂತೆ ನೋಡಿಕೊಳ್ಳಿ: ಕನಿಷ್ಠ 16 ಜಿಬಿ, ಅದೂ 8+8 ಎಂದು ಎರಡು ಸ್ಟಿಕ್ಕುಗಳಲ್ಲಿ. ಒಂದೇ ಸ್ಟಿಕ್ ಇದ್ದರೆ ಮೆಮೊರಿಯ ದಾರಿ ಅರ್ಧಕ್ಕೆ ಕಿರಿದಾಗಿ, ಪ್ರೊಸೆಸರನ್ನು ಹೆಚ್ಚು ದುಡಿಸುವ ಆಟಗಳಲ್ಲಿ ಕನಿಷ್ಠ ಎಫ್‌ಪಿಎಸ್ ಬೀಳುತ್ತದೆ. ಎಲ್‌ಪಿಡಿಡಿಆರ್5ಎಕ್ಸ್ ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ ಬೆಸುಗೆ ಹಾಕಿದ ರ‍್ಯಾಮ್, ಕೊಂಡಷ್ಟೇ ಕೊನೆ.

ಪ್ರೊಸೆಸರಿನ ಹೊಸ ಹೆಸರಿಗಾಗಿ ಕಾಯುವುದಂತೂ ಬೇಡವೇ ಬೇಡ. ಎಎಂಡಿ ಕಂಪನಿಯ ರೈಜೆನ್ 7 260 ಅನ್ನುವುದು ಬಹುಪಾಲು ಹಳೆಯ 8845ಎಚ್‌ಎಸ್ ಚಿಪ್ಪೇ. 7735ಎಚ್‌ಎಸ್‌ನಲ್ಲಿ ಮೂರನೇ ಅಂಕಿ 3, ಅಂದರೆ ಒಳಗಿರುವುದು ಜೆನ್ 3+ ಎಂಬ ಹಳೆಯ ವಿನ್ಯಾಸ. 7840ಎಚ್‌ಎಸ್‌ನಲ್ಲಿ ಅದು 4, ಅಂದರೆ ಜೆನ್ 4. ಹೆಚ್ಚಿನ ಆಟಗಳಲ್ಲಿ ಈ ವ್ಯತ್ಯಾಸ ಗ್ರಾಫಿಕ್ಸ್ ಚಿಪ್ಪಿನ ಮುಂದೆ ಚಿಕ್ಕದು.

ಪರದೆಗೆ ಒಂದೇ ಮಾತು: ಬಣ್ಣ ತೋರಿಸುವ ಸಾಮರ್ಥ್ಯ 45% ಎನ್‌ಟಿಎಸ್‌ಸಿ ಎಂದು ಬರೆದ ಪ್ಯಾನೆಲ್ಲನ್ನು ಎಷ್ಟೇ ರಿಯಾಯಿತಿ ಕೊಟ್ಟರೂ ಬಿಡಿ. 100% ಎಸ್‌ಆರ್‌ಜಿಬಿ ಇರಲಿ.

ಇನ್ನು, ನಿಮ್ಮ ಹಳೆಯ ಲ್ಯಾಪ್‌ಟಾಪ್ ನಿಜವಾಗಿ ಸೋತಿದೆಯೇ ಎಂದು ತಿಳಿಯದೆ ಎರಡರಲ್ಲಿ ಯಾವುದನ್ನೂ ನಿರ್ಧರಿಸಬೇಡಿ. ಅರ್ಧ ಗಂಟೆ ಆಡಿ ಗಮನಿಸಿ. ಮೊದಲ ಹತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ಎಫ್‌ಪಿಎಸ್ ಕುಸಿದರೆ ಅದು ಶಾಖದ ಸಮಸ್ಯೆ. ಶುರುವಿನಿಂದಲೇ ಒಂದೇ ಸಮ ಕಡಿಮೆ ಇದ್ದರೆ ಚಿಪ್ಪಿನ ಶಕ್ತಿ ಸಾಲದು. ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ 90% ದಾಟಿ ಡಿಸ್ಕ್ ಒದ್ದಾಡುತ್ತಿದ್ದರೆ ರ‍್ಯಾಮ್ ಸಾಲದು. ಮೂರರಲ್ಲಿ ಎರಡಕ್ಕೆ ಹೊಸ ಲ್ಯಾಪ್‌ಟಾಪ್ ಬೇಕಿಲ್ಲ.

ಶಾಖವಾದರೆ ಹೀಗೆ ಮಾಡಿ: ಪೂರ್ತಿ ಆಫ್ ಮಾಡಿ ಚಾರ್ಜರ್ ಕಿತ್ತು, ತಳದ ಮುಚ್ಚಳ ಬಿಚ್ಚಿ, ಮೊದಲು ಬ್ಯಾಟರಿ ಕನೆಕ್ಟರ್ ತೆಗೆಯಿರಿ. ಧೂಳು ಕಂಬಳಿಯಂತೆ ಕಟ್ಟಿಕೊಳ್ಳುವುದು ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ. ಹೊರಗಿನಿಂದ ಗಾಳಿ ಊದಿದರೆ ಅದು ಒಳಕ್ಕೇ ಹೋಗುತ್ತದೆ, ಹಾಗಾಗಿ ಫ್ಯಾನ್ ಬಿಚ್ಚಿ ಮೃದುವಾದ ಬ್ರಷ್‌ನಿಂದ ತೆಗೆಯುವುದು ಮೇಲು. ಗಾಳಿ ಊದುವಾಗ ಫ್ಯಾನ್ ತಿರುಗದಂತೆ ಹಿಡಿದಿರಿ, ಇಲ್ಲದಿದ್ದರೆ ಬೇರಿಂಗ್ ಹಾಳಾಗುತ್ತದೆ. ಎರಡು ಮೂರು ವರ್ಷ ಹಳೆಯದಾದರೆ ಚಿಪ್ಪಿನ ಶಾಖವನ್ನು ಹೀಟ್‌ಸಿಂಕಿಗೆ (ತಾಮ್ರದ ಪೈಪು, ರೆಕ್ಕೆಗಳ ಜೋಡಣೆಗೆ) ದಾಟಿಸುವ ಥರ್ಮಲ್ ಪೇಸ್ಟನ್ನೂ ಬದಲಿಸಿ. ಆದರೆ ಕೆಲವು ಯಂತ್ರಗಳಲ್ಲಿ ಪೇಸ್ಟಿನ ಬದಲು ಲಿಕ್ವಿಡ್ ಮೆಟಲ್ ಇರುತ್ತದೆ. ಅದರಲ್ಲಿ ವಿದ್ಯುತ್ ಹರಿಯುವುದರಿಂದ ಒಂದು ಹನಿ ಬೋರ್ಡಿನ ಮೇಲೆ ಬಿದ್ದರೂ ಯಂತ್ರ ಹೋಯಿತು. ಅಂಥದ್ದಾದರೆ ಹೀಟ್‌ಸಿಂಕ್ ಮುಟ್ಟದೆ ಧೂಳಷ್ಟೇ ತೆಗೆಯಿರಿ.

ಇದೆಲ್ಲ ಮಾಡಿಯೂ ನೀವು ಆಡಬೇಕೆಂದಿರುವ ಆಟ ಓಡುತ್ತಿಲ್ಲ, ಅಥವಾ ಓದು, ಕೆಲಸ ನಿಂತಿದೆ ಎಂದಾದರೆ ಈಗಲೇ ಕೊಳ್ಳಿ. ಕಾದ ತಿಂಗಳುಗಳಲ್ಲಿ ಆಡದೆ ಬಿಟ್ಟ ಆಟ, ಮಾಡದೆ ಬಿಟ್ಟ ಕೆಲಸಕ್ಕೂ ಬೆಲೆಯಿದೆ, ಅದು ಯಾವ ಹೋಲಿಕೆ ಪಟ್ಟಿಯಲ್ಲೂ ಕಾಣುವುದಿಲ್ಲ.

ಕೊಂಡ ಮೇಲೆ, ವಾಪಸ್ ಮಾಡುವ ಅವಧಿ ಮುಗಿಯುವುದರೊಳಗೆ ಒಂದು ಸಂಜೆ ಪರೀಕ್ಷೆಗೆ ಇಡಿ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ಲಿನ ಸಿಸ್ಟಮ್ ಇನ್ಫರ್ಮೇಶನ್‌ನಲ್ಲಿ ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್ ನೋಡಿ, ಹೇಳಿದ ವ್ಯಾಟ್ ಅಲ್ಲಿದೆಯೇ ಎಂದು ಹೋಲಿಸಿ. ವ್ಯಾಟ್, ತಾಪಮಾನ ತೋರಿಸುವ ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶ ತೆರೆದಿಟ್ಟು ಭಾರವಾದ ಆಟವನ್ನು ಅರ್ಧ ಗಂಟೆ ಓಡಿಸಿ. ಕೊನೆಯ ಹತ್ತು ನಿಮಿಷ ಗ್ರಾಫಿಕ್ಸ್ ಚಿಪ್ ಎಷ್ಟು ವ್ಯಾಟ್ ತಗೊಳ್ಳುತ್ತಿದೆ ಅನ್ನುವುದೇ ಆ ಯಂತ್ರದ ನಿಜವಾದ ಶಕ್ತಿ. ಪ್ರೊಸೆಸರ್ 95 ಡಿಗ್ರಿ ಮುಟ್ಟಿದರೆ ಗಾಬರಿ ಬೇಡ, ಇಂದಿನ ಪ್ರೊಸೆಸರುಗಳು ಅಲ್ಲಿಯವರೆಗೆ ಹೋಗುವಂತೆಯೇ ಮಾಡಿದ್ದು. ಗ್ರಾಫಿಕ್ಸ್ ಚಿಪ್ 87 ಡಿಗ್ರಿಯ ಹತ್ತಿರ ನಿಂತು ವ್ಯಾಟ್ ಇಳಿಯುತ್ತಿದ್ದರೆ ತಂಪಾಗಿಸುವ ವ್ಯವಸ್ಥೆ ಸಾಲುತ್ತಿಲ್ಲ. ತಂಪಾಗಿದ್ದೂ ಹೇಳಿದ ವ್ಯಾಟ್ ಬರುತ್ತಿಲ್ಲವಾದರೆ, ಪರ್ಫಾರ್ಮೆನ್ಸ್ ಮೋಡ್ ಆನ್ ಇದೆಯೇ, ಡಬ್ಬದಲ್ಲಿ ಬಂದ 230 ಅಥವಾ 330 ವ್ಯಾಟಿನ ಚಾರ್ಜರೇ ಸಿಕ್ಕಿಸಿದೆಯೇ ನೋಡಿ. ಟೈಪ್-ಸಿ 100 ವ್ಯಾಟ್ ಚಾರ್ಜರಿನಲ್ಲಾಗಲಿ, ಬರೀ ಬ್ಯಾಟರಿಯಲ್ಲಾಗಲಿ ಪೂರ್ತಿ ವೇಗ ಬರುವುದಿಲ್ಲ. ಇವೆರಡೂ ಸರಿಯಿದ್ದು, ಬಯೋಸ್ ಅಪ್‌ಡೇಟ್ ಮಾಡಿದ ಮೇಲೂ ವ್ಯಾಟ್ ಏರದಿದ್ದರೆ ಅವಧಿ ಮುಗಿಯುವ ಮುಂಚೆಯೇ ವಾಪಸ್ ಕೊಡಿ.