ಪಿಚ್ ವಿಡಿಯೊ: 11 ನಿಮಿಷದ ಚಿತ್ರಕ್ಕೆ 3 ನಿಮಿಷ

ವಾದ್ಯಗಳಿಗೆ ಶ್ರುತಿ ಮಾಡಿಕೊಡುವ ಮುದುಕನೊಬ್ಬನಿಗೆ ಕಿವಿ ಮಂದವಾಗುತ್ತಾ ಹೋಗುವ ಕತೆಯ ನನ್ನ ಅನಿಮೇಷನ್ ಕಿರುಚಿತ್ರದ ಪಿಚ್ ವಿಡಿಯೊವನ್ನು ಕಳೆದ ವಾರ ಇಬ್ಬರು ನಿರ್ಮಾಪಕರು ಹಾಗೂ ಒಬ್ಬ ವಿತರಕರ ಮುಂದೆ ಆನ್‌ಲೈನ್ ಸಭೆಯಲ್ಲಿ ಇಟ್ಟೆ.

ಮೊದಲ ಆವೃತ್ತಿ 4 ನಿಮಿಷ 40 ಸೆಕೆಂಡಿಗೆ ಬಂದು ನಿಂತಿತ್ತು. ಅದನ್ನು ಟ್ರೈಲರ್‌ನಂತೆ ಕಟ್ಟಿದ್ದೆ: ಸಂಗೀತ, ಚೆಂದದ ಹಿನ್ನೆಲೆಗಳು, ಕೊನೆಗೆ ಹೆಸರು. ಎಡಿಟಿಂಗ್ ಬಲ್ಲ ಗೆಳತಿ ನೋಡಿ, "ಚೆನ್ನಾಗಿದೆ, ಆದರೆ ಇದರಲ್ಲಿ ನೀನು ಏನು ಕೇಳುತ್ತಿದ್ದೀಯ?" ಎಂದಳು. ಮುಗಿದ ಚಿತ್ರಕ್ಕೆ ಪ್ರೇಕ್ಷಕರನ್ನು ಕರೆಯುವುದು ಟ್ರೈಲರಿನ ಕೆಲಸ. ಇನ್ನೂ ಹುಟ್ಟದ ಚಿತ್ರಕ್ಕೆ ಹಣ ಹಾಕುವವರನ್ನು ಒಪ್ಪಿಸುವುದು ಪಿಚ್‌ನ ಕೆಲಸ. ಹಾಗಾಗಿ ಕತೆಯನ್ನು ಒಂದೇ ವಾಕ್ಯದಲ್ಲಿ ಹೇಳಿ ಆರಂಭಿಸಿ, ನಡುವೆ 70 ಸೆಕೆಂಡಿನ ಅನಿಮ್ಯಾಟಿಕ್ (ಕರಡು ಚಿತ್ರಗಳನ್ನು ಧ್ವನಿಯೊಡನೆ ಸಾಲಾಗಿ ಜೋಡಿಸಿದ ತುಣುಕು) ಇಟ್ಟು, ಕಡೆಯ ಅರ್ಧ ನಿಮಿಷ ನಾನೇ ಕ್ಯಾಮೆರಾಗೆ ಮುಖ ಕೊಟ್ಟು ಮಾತಾಡಿದೆ. 400 ಪದಗಳ ನಿರೂಪಣೆಯನ್ನು 250ಕ್ಕೆ ಇಳಿಸುವಾಗ ಮೊದಲು ಉದುರಿದ್ದು ವಿಶೇಷಣಗಳೇ, ಅವುಗಳಿಗಾಗಿ ಮರುಗಲಿಲ್ಲ.

ನಿಜವಾದ ತಲೆನೋವು ಧ್ವನಿಯದು. ಒಂದು ತಂತಿ 440 ಹರ್ಟ್ಸ್‌ನಲ್ಲೂ ಇನ್ನೊಂದು 442ರಲ್ಲೂ ಮಿಡಿದಾಗ ನಾದವು ಸೆಕೆಂಡಿಗೆ ಎರಡು ಬಾರಿ ಏರಿ ಇಳಿಯುತ್ತದೆ. ತಂತಿಗಳು ಹತ್ತಿರವಾದಂತೆ ಆ ಏರಿಳಿತ ನಿಧಾನಗೊಂಡು, ಶ್ರುತಿ ಕೂಡಿದಾಗ ಇಲ್ಲವಾಗುತ್ತದೆ. ಕಿವಿಗೆ ಕೇಳದ ಅದನ್ನು ಮುದುಕ ಬೆರಳಲ್ಲಿ ಹಿಡಿಯುವುದೇ ನನ್ನ ಚಿತ್ರ. ತಾಲೀಮಿನಲ್ಲಿ ವಿಡಿಯೊದ ಧ್ವನಿಯನ್ನು ಸ್ಪೀಕರಿನಿಂದ ಮೈಕ್‌ಗೆ ಕೇಳಿಸಿದಾಗ, ಸಭೆಯ ತಂತ್ರಾಂಶದ ಗದ್ದಲ ತಡೆಯುವ ಸೌಲಭ್ಯವು ಆ ನಾದವನ್ನೂ ಗದ್ದಲವೆಂದೇ ಬಗೆದು ನುಂಗಿಹಾಕಿತು. ನನ್ನ ಮಾತು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು. ಆಮೇಲೆ ಕಂಪ್ಯೂಟರಿನ ಧ್ವನಿಯನ್ನೇ ನೇರವಾಗಿ ಹಂಚುವುದನ್ನು ಅಭ್ಯಾಸ ಮಾಡಿಕೊಂಡೆ. ಅಷ್ಟಕ್ಕೇ ನಂಬಿಕೆ ಸಾಲದೆ, ಹಿಂದಿನ ದಿನವೇ ಮೂವರಿಗೂ ಫೈಲ್ ಕಳುಹಿಸಿ ಹೆಡ್‌ಫೋನಿನಲ್ಲಿ ಕೇಳಬೇಕೆಂದು ಕೋರಿದೆ. ಇಬ್ಬರು ಕೇಳಿ ಬಂದಿದ್ದರು.

ಪ್ರದರ್ಶನ ಸುಸೂತ್ರವಾಗಿ ನಡೆಯಿತು. ಕತೆಯ ಬಗ್ಗೆ ಒಂದೇ ಪ್ರಶ್ನೆ ಬಂತು. ಉಳಿದದ್ದೆಲ್ಲ ಲೆಕ್ಕ. ಸೆಕೆಂಡಿಗೆ 24 ಫ್ರೇಮ್, ಎರಡು ಫ್ರೇಮಿಗೆ ಒಂದು ಚಿತ್ರವೆಂದರೆ 660 ಸೆಕೆಂಡಿಗೆ 7,920 ಚಿತ್ರಗಳಾಗುತ್ತವೆ ಎಂದು ಹುರುಪಿನಿಂದಲೇ ಹೇಳಿದೆ. "ದಿನಕ್ಕೆ ಎಷ್ಟು ಬರೆಯುತ್ತೀರಿ?" ಎಂದು ಹಿರಿಯ ನಿರ್ಮಾಪಕಿ ಕೇಳಿದರು. ಇಪ್ಪತ್ತು ಎಂದೆ. "ಹಾಗಾದರೆ 396 ದಿನ, ರಜೆಯಿಲ್ಲದೆ, ನೀವೊಬ್ಬರೇ," ಎಂದು ಅವರು ನಗದೆ ಹೇಳಿದಾಗ, ಅಷ್ಟು ಸರಳವಾದ ಭಾಗಾಕಾರವನ್ನು ನಾನೇ ಮಾಡಿಕೊಂಡು ಬರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಒಪ್ಪಿಗೆಯೂ ಇಲ್ಲ, ನಿರಾಕರಣೆಯೂ ಇಲ್ಲ. ಶಾಟ್‌ವಾರು ಪಟ್ಟಿಯನ್ನೂ ಅದಕ್ಕೆ ಹೊಂದುವ ಬಜೆಟ್ಟನ್ನೂ ಕಳುಹಿಸಲು ಹೇಳಿದ್ದಾರೆ. ಪಟ್ಟಿ ಮಾಡುತ್ತಾ ಹೋದರೆ ಲೆಕ್ಕ ಸಡಿಲವಾಗುತ್ತಿದೆ. ಮುದುಕ ತಂತಿಯ ಮೇಲೆ ಬೆರಳಿಟ್ಟು ಕೂರುವ 14 ಸೆಕೆಂಡಿನ ಶಾಟ್‌ಗೆ ಸೂತ್ರದ ಪ್ರಕಾರ 168 ಪೂರ್ಣ ಚಿತ್ರಗಳು ಬೇಕು. ಆದರೆ ಅಲ್ಲಿ ಮುಖಕ್ಕೆ ಒಂದೇ ಚಿತ್ರ ಸಾಕು, ಅಲುಗುವುದು ತಂತಿ ಮತ್ತು ಬೆರಳಿನ ತುದಿ ಮಾತ್ರ. 94 ಶಾಟ್‌ಗಳಲ್ಲಿ ಇವತ್ತಿಗೆ 31ರ ಪಟ್ಟಿ ಮುಗಿದಿದೆ.